ಗಿರಾಕಿಯತ್ತ ತಿರುಗಿದ ಪರದೆ

ಶ್ರೀನಿವಾಸಪುರದ ಒಂದು ಓಣಿಯಲ್ಲಿ ಮಹಿಳೆಯೊಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಆನ್‌ಲೈನ್ ಸೇವೆ ಆರಂಭಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಪಹಣಿ ತೆಗೆದುಕೊಡುವುದು, ಕಾಲೇಜು ಪ್ರವೇಶದ ಅರ್ಜಿ ತುಂಬುವುದು, ವಿದ್ಯಾರ್ಥಿವೇತನಕ್ಕೆ ದಾಖಲೆ ಸೇರಿಸುವುದು, ವಿದ್ಯುತ್ ಬಿಲ್ ಕಟ್ಟುವುದು, ರೈಲಿನ ಟಿಕೆಟ್ ಕಾದಿರಿಸುವುದು ಅವರ ಕೆಲಸ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಇಂಟರ್‌ನೆಟ್ ಸಂಪರ್ಕ ಇಷ್ಟಕ್ಕೇ ಕೂಡಿಟ್ಟ ಹಣ ಮುಗಿದಿದೆ. ಪ್ರಚಾರಕ್ಕೆಂದು ಉಳಿದಿರುವುದು ಸಾವಿರವೋ ಎರಡು ಸಾವಿರವೋ. ಅದನ್ನು ಫ್ಲೆಕ್ಸ್‌ಗೆ ಹಾಕಬೇಕೆ, ಕರಪತ್ರಕ್ಕೆ ಹಾಕಬೇಕೆ, ಫೇಸ್‌ಬುಕ್ ಜಾಹೀರಾತಿಗೆ ಹಾಕಬೇಕೆ? ಲೆಕ್ಕ ತಪ್ಪಿದರೆ ಮತ್ತೊಮ್ಮೆ ಪ್ರಯತ್ನಿಸಲು ಕೈಯಲ್ಲಿ ಕಾಸಿರುವುದಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬೀದಿಗಳಲ್ಲಿ ಇಂಥ ಎಷ್ಟೋ ಮನೆಗಳು ಕಾಣಸಿಗುತ್ತವೆ. ಅವರ ಮುಂದಿರುವ ಪ್ರಶ್ನೆ ಮಾತ್ರ ಕಂಪ್ಯೂಟರಿನಷ್ಟು ಹೊಸದಲ್ಲ. ಬಂಡವಾಳವಿಲ್ಲದವರು ಗಿರಾಕಿಯನ್ನು ಹುಡುಕಿಕೊಂಡ ಬಗೆಗೆ ನಮ್ಮಲ್ಲಿ ದೀರ್ಘವಾದ ಚರಿತ್ರೆಯೇ ಇದೆ. ಅದನ್ನು ತಿರುವಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಸುದ್ದಿ ಮುಟ್ಟಿಸುವ ಕೆಲಸ ಯಾವ ಕಾಲದಲ್ಲೂ ಅಷ್ಟು ಕಷ್ಟವಾಗಿರಲಿಲ್ಲ. ಕಷ್ಟವಾಗಿದ್ದುದು ಕೇಳಿಸಿಕೊಂಡವರ ಮನಸ್ಸಿನ ಅನುಮಾನವನ್ನು ಕಳೆಯುವುದು.

ಜನ ಸೇರುವ ಜಾಗ

ಕೋಲಾರದ ಕೋಲಾರಮ್ಮ ದೇವಾಲಯದಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಶಾಸನಗಳು ಈ ಸೀಮೆಯಲ್ಲಿ ದೊರೆತಿವೆ. ಶಾಸನವನ್ನು ಜಾಹೀರಾತು ಎನ್ನಲಾಗದು, ನಿಜ. ಆದರೆ ದಾನದತ್ತಿಯ ವಿಷಯ ಹತ್ತು ಜನಕ್ಕೆ ತಿಳಿಯಬೇಕೆಂದವರು ಅದನ್ನು ಬರೆಸಿದ್ದು ಜನ ದಿನವೂ ಬಂದು ಹೋಗುವ ಗುಡಿಯ ಗೋಡೆಯ ಮೇಲೆ. ಸಂತೆಯ ದಿನ ತಮಟೆ ಬಡಿದು ಡಂಗುರ ಸಾರುತ್ತಿದ್ದುದರ ಹಿಂದೆಯೂ ಇದೇ ಲೆಕ್ಕವಿತ್ತು. ಹಣ ಕೊಟ್ಟು ಜನರನ್ನು ಕೂಡಿಸುವ ಬದಲು ಆಗಲೇ ಕೂಡಿರುವಲ್ಲಿಗೆ ಹೋಗುವುದು ಅಗ್ಗ.

ಭಾಷೆಯ ಪಾಠವೂ ಇಲ್ಲೇ ಇದೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಅದರಾಚೆ ಆಂಧ್ರ. ಶ್ರೀನಿವಾಸಪುರದ ಗಡಿಯಾಚೆಯೂ ಆಂಧ್ರವೇ. ಮಾಲೂರಿಗೆ ತಮಿಳುನಾಡಿನ ಹೊಸೂರು ಹತ್ತಿರ. ಸಂತೆಯಲ್ಲಿ ಒಂದೇ ವ್ಯಾಪಾರಿ ಒಬ್ಬರೊಡನೆ ಕನ್ನಡದಲ್ಲಿ, ಇನ್ನೊಬ್ಬರೊಡನೆ ತೆಲುಗಿನಲ್ಲಿ, ಮತ್ತೊಬ್ಬರೊಡನೆ ಉರ್ದುವಿನಲ್ಲಿ ಮಾತಾಡುವುದು ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಬೇರೆ ಊರಿನವರಿಗೆ ಇದೊಂದು ವಿಶೇಷವಾಗಿ ಕಂಡೀತು. ಕೋಲಾರದವರಿಗೆ ಅದು ಖರ್ಚಿಲ್ಲದೆ ಕೈಗೆ ಬಂದ ಬಂಡವಾಳ.

ಕೈಗೆ ಬಂದ ಮೇಲೆ ಕಾಸು

ಸಂತೆಯಲ್ಲಿ ಗಿರಾಕಿ ಕಣ್ಣೆದುರೇ ಇರುತ್ತಾನೆ. ಸೇರು, ತಕ್ಕಡಿ ಅವನ ಮುಂದೆಯೇ ಇರುತ್ತವೆ. ಕಾಣದ ಊರಿನ ಗಿರಾಕಿಯ ಗತಿ ಏನು? ಈ ಪ್ರಶ್ನೆಗೆ ಮೊದಲ ಉತ್ತರ ಕೊಟ್ಟದ್ದು ಅಂಚೆ ಇಲಾಖೆ. 1877ರಲ್ಲಿ ಭಾರತದಲ್ಲಿ ವಿ.ಪಿ.ಪಿ. ಪದ್ಧತಿ ಜಾರಿಗೆ ಬಂತು. ಪೊಟ್ಟಣ ಮನೆ ಬಾಗಿಲಿಗೆ ಬಂದ ಮೇಲೆ ಪೋಸ್ಟ್‌ಮನ್ನನ ಕೈಗೆ ಹಣ ಕೊಡಬೇಕು. ಆ ಹಣ ಕಳಿಸಿದವನಿಗೆ ಹೋಗುತ್ತದೆ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು, 1880ರಲ್ಲಿ ಮನಿಯಾರ್ಡರು ಬಂದವು. ಜೋಲಾರಪೇಟೆಯಿಂದ ಮಾಲೂರಿನ ಮೇಲೆ ಹಾದು ಬೆಂಗಳೂರು ಸೇರುವ ರೈಲು ಮಾರ್ಗ 1864ರಲ್ಲೇ ತೆರೆದಿತ್ತು. ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ ಸಣ್ಣ ರೈಲು 1913ರಲ್ಲಿ ಬಂತು. ಕಾರ್ಡು, ರೈಲು, ವಿ.ಪಿ.ಪಿ. ಮೂರೂ ಸೇರಿ ಮನೆಯಲ್ಲಿ ಕುಳಿತೇ ದೂರದೂರಿಗೆ ವ್ಯವಹಾರ ಮಾಡುವ ದಾರಿ ತೆರೆದವು.

ಆ ದಾರಿಯಲ್ಲಿ ನಡೆದ ಮೊದಲಿಗರಲ್ಲಿ ಒಬ್ಬರನ್ನು ನೆನೆಯಲು ಕೋಲಾರದಿಂದ ನಂಜನಗೂಡಿಗೆ ಹೋಗಬೇಕು. 1887ರಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ತಿರುಮಲಾಂಬ ತಂದೆಯ ಮನೆಯಲ್ಲಿ ಓದು ಬರಹ ಬೆಳೆಸಿಕೊಂಡರು. 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ವಿಧವೆಯೊಬ್ಬಳು ಪೇಟೆಯಲ್ಲಿ ಅಂಗಡಿ ತೆರೆಯುವುದನ್ನು ಊಹಿಸಲೂ ಆಗದ ಕಾಲ ಅದು. ಮನೆಯ ಹೊಸ್ತಿಲು ದಾಟಲಾಗದವರಿಗೂ ಓದುಗರನ್ನು ತಲುಪಲು ಸಾಧ್ಯವಾದದ್ದು ಗ್ರಂಥಮಾಲೆ, ಚಂದಾ, ಅಂಚೆ ಎಂಬ ವ್ಯವಸ್ಥೆಯಿಂದ. ಮಾಲೆ ಎಂದರೆ ಒಂದು ಪುಸ್ತಕ ಓದಿ ಮೆಚ್ಚಿದವರು ಮುಂದಿನದಕ್ಕೂ ಗಿರಾಕಿ. ಒಬ್ಬ ಗಿರಾಕಿಯನ್ನು ಉಳಿಸಿಕೊಳ್ಳುವುದು ಹೊಸಬರನ್ನು ಹುಡುಕುವುದಕ್ಕಿಂತ ಅಗ್ಗ ಎಂಬುದನ್ನು ಅಂದಿನ ಪ್ರಕಾಶಕರು ಚೆನ್ನಾಗಿ ಬಲ್ಲವರಾಗಿದ್ದರು.

ಉತ್ತರದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ಸರ್ಕಾರಿ ಕೆಲಸ ಬಿಟ್ಟ ಮೇಲೆ 1944ರಿಂದ ಸುಮಾರು ಎರಡು ದಶಕ 'ಜೀವನ' ಪತ್ರಿಕೆಯನ್ನು ನಡೆಸಿದರು. ಜೀವನ ಕಾರ್ಯಾಲಯದ ಹೆಸರಿನಲ್ಲಿ ಅವರ ಪುಸ್ತಕಗಳು ಬಂದವು. ಒಬ್ಬರು ಮನೆಯೊಳಗೆ ಕುಳಿತು, ಒಬ್ಬರು ರಸ್ತೆಯಲ್ಲಿ ನಡೆದು, ಇನ್ನೊಬ್ಬರು ಪತ್ರಿಕೆಯ ಮೂಲಕ. ಮೂವರ ಹಿಂದೆಯೂ ಬರೆದವರ ಹೆಸರೇ ಜಾಮೀನಾಗಿ ನಿಂತಿತ್ತು.

ಎರಡನೆಯ ಪರದೆ

ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬಹುದು. ಸೇವೆಯನ್ನು ಹಾಗೆ ನೋಡಲಾಗದು. ಇಂದಿನ ಆನ್‌ಲೈನ್ ಸೇವೆಯ ನಿಜವಾದ ಪೂರ್ವಜರು ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಲ್ಲಿ ಕೂರುತ್ತಿದ್ದ ಅರ್ಜಿ ಬರೆಯುವವರು. ಅವರಿಗೆ ಫಲಕ ಬೇಕಿರಲಿಲ್ಲ, ಕಚೇರಿಯೇ ಅವರ ಫಲಕ. ಆದರೆ ಅಕ್ಷರ ಬಾರದ ರೈತನಿಗೆ ಕಾಗದದಲ್ಲಿ ಏನು ಬರೆದಿದೆ, ಕೊಟ್ಟ ಹಣದಲ್ಲಿ ಸರ್ಕಾರಕ್ಕೆ ಎಷ್ಟು ಹೋಯಿತು ಎಂಬುದು ತಿಳಿಯುತ್ತಿರಲಿಲ್ಲ. ಅನುಮಾನ ಹುಟ್ಟುತ್ತಿದ್ದುದು ಅಲ್ಲೇ.

ಹಳದಿ ಫಲಕದ ಎಸ್.ಟಿ.ಡಿ. ಬೂತುಗಳನ್ನು ನೆನಪಿಸಿಕೊಳ್ಳಿ. ಎಂಬತ್ತರ ದಶಕದ ಕೊನೆ, ತೊಂಬತ್ತರ ದಶಕದಲ್ಲಿ ಅವು ಪುಟ್ಟ ಊರುಗಳನ್ನೂ ಮುಟ್ಟಿದವು. ಅಲ್ಲಿ ಮಾತಾಡುವವನ ಕಣ್ಣ ಮುಂದೆ ಒಂದು ಮೀಟರು ಓಡುತ್ತಿತ್ತು. ಎಷ್ಟು ಹೊತ್ತಾಯಿತು, ಎಷ್ಟು ರೂಪಾಯಿ ಆಯಿತು ಎಂಬುದು ಕೆಂಪು ಅಂಕಿಗಳಲ್ಲಿ ಕಾಣುತ್ತಿತ್ತು. ಮಾತು ಮುಗಿದರೆ ಮುದ್ರಿತ ಚೀಟಿ ಹೊರಬರುತ್ತಿತ್ತು. ಅಪರಿಚಿತ ಊರಿನ ಬೂತಿಗೂ ಜನ ಧೈರ್ಯವಾಗಿ ನುಗ್ಗಿದ್ದಕ್ಕೆ ಫಲಕದ ಹಳದಿ ಬಣ್ಣದಷ್ಟೇ ಈ ಮೀಟರೂ ಕಾರಣ.

ಭೂದಾಖಲೆಗಳಲ್ಲೂ ಇದೇ ಆಯಿತು. ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿಗಳನ್ನು ಕರ್ನಾಟಕ ಸರ್ಕಾರ ಕಂಪ್ಯೂಟರಿಗೆ ಏರಿಸಿದ್ದು 'ಭೂಮಿ' ಯೋಜನೆಯಲ್ಲಿ. 67 ಲಕ್ಷ ಭೂಮಾಲೀಕರ ಸುಮಾರು ಎರಡು ಕೋಟಿ ದಾಖಲೆಗಳು ಅದರಲ್ಲಿ ಸೇರಿದವು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲೂ ಕೇಂದ್ರಗಳು ಕೆಲಸ ಮಾಡುತ್ತಿದ್ದವು. ಪಹಣಿಯ ಒಂದು ಪ್ರತಿಗೆ ಆಗ 15 ರೂಪಾಯಿ. ಆ ಕೇಂದ್ರಗಳಲ್ಲಿ ಸಣ್ಣದೆನ್ನಿಸುವ ಒಂದು ಏರ್ಪಾಡಿತ್ತು. ಸಿಬ್ಬಂದಿಯ ಮುಂದೆ ಒಂದು ಪರದೆ. ಅದರ ಜೊತೆಗೆ ಅರ್ಜಿದಾರನ ಕಡೆಗೆ ತಿರುಗಿದ ಇನ್ನೊಂದು ಪರದೆ. ತನ್ನ ಜಮೀನಿನ ವಿವರವನ್ನು ಒಳಗಿನವರು ಹೇಗೆ ತೆರೆಯುತ್ತಿದ್ದಾರೆ ಎಂಬುದನ್ನು ಹೊರಗೆ ನಿಂತ ರೈತ ಕಾಣಬಹುದಾಗಿತ್ತು. ದರವೂ ಗೊತ್ತು, ಕೆಲಸವೂ ಕಣ್ಣೆದುರಿಗೆ.

ವಿ.ಪಿ.ಪಿ., ಬೂತಿನ ಮೀಟರು, ಭೂಮಿಯ ಎರಡನೆಯ ಪರದೆ ಇವು ಯಾವುವೂ ಜಾಹೀರಾತಿಗಾಗಿ ಹುಟ್ಟಿದವಲ್ಲ. ಆದರೂ ಜನರನ್ನು ಒಳಗೆ ಕರೆತರುವಲ್ಲಿ ಅವು ಯಾವ ಜಾಹೀರಾತಿಗೂ ಕಡಿಮೆಯಿರಲಿಲ್ಲ.

ಊರಿನ ಹೆಸರು, ಪೋಸ್ಟ್‌ಮನ್ನನ ಕೈ

ಈ ಸೀಮೆಯದೇ ಎರಡು ಉದಾಹರಣೆ ನೋಡಬಹುದು. ಮುಳಬಾಗಿಲು ದೋಸೆಯ ಹೆಸರು ಹಬ್ಬಿದ್ದು ಬಾಯಿಂದ ಬಾಯಿಗೆ. ತಿರುಪತಿಯ ದಾರಿಯಲ್ಲಿ ಇಳಿದು ತಿಂದವರು ಊರಿಗೆ ಹೋಗಿ ಹೇಳಿದರು. ಇಂದು ಬೆಂಗಳೂರಿನ ಹೋಟೆಲುಗಳೂ ಫಲಕದಲ್ಲಿ ಆ ಊರಿನ ಹೆಸರು ಬರೆಸಿಕೊಳ್ಳುತ್ತವೆ. ಶ್ರೀನಿವಾಸಪುರದ ಮಾವಿನ ಹೆಸರೂ ಹೀಗೆಯೇ ಹಬ್ಬಿದ್ದು. 2020ರಲ್ಲಿ ಲಾಕ್‌ಡೌನ್ ಬಂದು ಮಂಡಿಗಳ ವಹಿವಾಟು ಏರುಪೇರಾದಾಗ ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಜಾಲತಾಣದಲ್ಲಿ ಬೇಡಿಕೆ ಸಲ್ಲಿಸಿದ ಬೆಂಗಳೂರಿನವರಿಗೆ ಅಂಚೆಯವರು ಹಣ್ಣಿನ ಪೆಟ್ಟಿಗೆಗಳನ್ನು ಮನೆಗೆ ಮುಟ್ಟಿಸಿದರು. ಕೊಳ್ಳುವವರು ಬೆಳೆಗಾರನ ಮುಖ ಕಂಡವರಲ್ಲ. ಆದರೆ ಪೋಸ್ಟ್‌ಮನ್ನನನ್ನು ಬಲ್ಲರು. 1877ರ ವಿ.ಪಿ.ಪಿ.ಯ ಹಿಂದಿದ್ದ ನಂಬಿಕೆಯೇ ಇಲ್ಲಿಯೂ ಕೆಲಸ ಮಾಡಿತು.

ಹಿತ್ತಲ ಗಿಡ ಮದ್ದಾಗಬೇಕಾದರೆ

ಈಗ ನಮ್ಮ ಓಣಿಗೆ ಮರಳೋಣ. ಮನೆಯಿಂದ ಸೇವೆ ನಡೆಸುವವರಿಗೆ ಬಾಡಿಗೆಯ ಹೊರೆಯಿಲ್ಲ, ಮಕ್ಕಳನ್ನು ನೋಡಿಕೊಂಡೂ ದುಡಿಯಬಹುದು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯ ಕಷ್ಟ ಅವರಿಗೇ ಹೆಚ್ಚು. ಪಕ್ಕದ ಮನೆಯವರಿಗೆ ಪೇಟೆಯ ಅಂಗಡಿಯ ಮೇಲಿರುವ ಭರವಸೆ ನೆರೆಮನೆಯ ಹೆಣ್ಣುಮಗಳ ಮೇಲಿರುವುದಿಲ್ಲ. ಅದರ ಜೊತೆಗೆ ಜನ ಅವರ ಕೈಗೆ ಕೊಡಬೇಕಾಗಿರುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಪುಸ್ತಕ, ಮೊಬೈಲಿಗೆ ಬರುವ ಒ.ಟಿ.ಪಿ. ವಂಚನೆಯ ಸುದ್ದಿ ದಿನವೂ ಕೇಳುವ ಈ ಕಾಲದಲ್ಲಿ ಅವರು ಹಿಂಜರಿದರೆ ತಪ್ಪೇನೂ ಅಲ್ಲ.

ಆದ್ದರಿಂದ ಮೊದಲ ಸಾವಿರ ರೂಪಾಯಿ ಹೋಗಬೇಕಾದದ್ದು ಅನುಮಾನ ಕಳೆಯುವುದಕ್ಕೆ. ಬಾಗಿಲಲ್ಲಿ ದರಪಟ್ಟಿ ಇರಲಿ: ಸರ್ಕಾರದ ಶುಲ್ಕ ಇಷ್ಟು, ನಮ್ಮ ಕೂಲಿ ಇಷ್ಟು ಎಂದು ಬೇರೆ ಬೇರೆಯಾಗಿ, ಕನ್ನಡದ ಜೊತೆಗೆ ಆ ಬೀದಿಯವರು ಓದಬಲ್ಲ ಇನ್ನೊಂದು ಭಾಷೆಯಲ್ಲೂ ಬರೆದಿರಲಿ. ಸರ್ಕಾರ ಉಚಿತವೆಂದಿರುವ ಸೇವೆಯನ್ನು ಉಚಿತವೆಂದೇ ಹೇಳಬೇಕು. ಗಿರಾಕಿಗೂ ಕಾಣುವಂತೆ ಪರದೆಯನ್ನು ತಿರುಗಿಸಿಡಬೇಕು. ಎರಡನೆಯ ಪರದೆ ಕೊಳ್ಳಲಾಗದಿದ್ದರೆ ಕುರ್ಚಿಯನ್ನಾದರೂ ಪಕ್ಕಕ್ಕೆ ಹಾಕಬಹುದು. ಕೆಲಸ ಮುಗಿದ ಮೇಲೆ ರಸೀದಿ ಕೊಡಬೇಕು, ದಾಖಲೆಯ ಪ್ರತಿಯನ್ನು ಅವರೆದುರೇ ಅಳಿಸಬೇಕು. ಇದಿಷ್ಟಾದ ಮೇಲೆ ಕರಪತ್ರ. ಅದನ್ನೂ ಊರಿಗೆಲ್ಲ ಚೆಲ್ಲುವುದು ಬೇಡ. ಸಂತೆಯ ದಿನ, ಫಲಿತಾಂಶ ಬಂದ ವಾರ ಕಾಲೇಜಿನ ಗೇಟಿನ ಮುಂದೆ, ಹಾಲಿನ ಡೈರಿಯಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕೊಟ್ಟರೆ ಸಾಕು. ಗೂಗಲ್ ನಕ್ಷೆಯಲ್ಲಿ ವಿಳಾಸ ಸೇರಿಸಲು, ವಾಟ್ಸ್‌ಆಪ್‌ನಲ್ಲಿ ದರಪಟ್ಟಿ ಇಡಲು ಹಣ ಬೇಕಿಲ್ಲ. ಹಣ ಕೊಟ್ಟು ಹಾಕುವ ಜಾಹೀರಾತು ಬಂದವರೇ ಮತ್ತೆ ಬರತೊಡಗಿದ ಮೇಲಿನ ಮಾತು.

ಬಂದ ಮೊದಲ ಹತ್ತು ಮಂದಿ ಮನೆಗೆ ಹೋಗಿ ಏನು ಹೇಳುತ್ತಾರೆ ಎಂಬುದರ ಮೇಲೆ ಹನ್ನೊಂದನೆಯವರು ಬರುವುದು ನಿಂತಿದೆ. ಕೆಲಸ ಕಣ್ಣೆದುರೇ ಆಯಿತು, ಹೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ ಎಂದು ಅವರು ಹೇಳಿದರೆ ಆ ಓಣಿಗೆ ಫ್ಲೆಕ್ಸ್ ಬೇಕಾಗುವುದಿಲ್ಲ.