ಕೂಡಿಕೆಯ ಸಡಿಲದಲ್ಲಿ ಗೋಡೆಯ ಬಲ: ಎತ್ತರದ ಕಟ್ಟಡಗಳ ಪೂರ್ವನಿರ್ಮಿತ ಗಾಜಿನ ಹೊರಗೋಡೆ

ಎತ್ತರದ ಕಟ್ಟಡದ ಗಾಜಿನ ಹೊರಗೋಡೆ ಕಟ್ಟಡವನ್ನು ಹೊರುವುದಿಲ್ಲ. ತನ್ನ ತೂಕವನ್ನೂ ಗಾಳಿಯ ಒತ್ತಡವನ್ನೂ ಆಯಾ ಅಂತಸ್ತಿನ ಸ್ಲ್ಯಾಬಿಗೆ ದಾಟಿಸುತ್ತದೆ. ವಿನ್ಯಾಸದ ಚರ್ಚೆಯಲ್ಲಿ ಗಾಜಿನ ದಪ್ಪಕ್ಕೂ ಚೌಕಟ್ಟಿನ ಗಟ್ಟಿತನಕ್ಕೂ ಮೊದಲ ಸ್ಥಾನ ಸಿಗುತ್ತದೆ. ಆದರೆ ಗೋಡೆ ಬಾಳುವುದು ಅದರ ಕೂಡಿಕೆಗಳು ಚಲನೆಗೆ ಎಷ್ಟು ಎಡೆಗೊಡುತ್ತವೆ ಎಂಬುದರ ಮೇಲೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಗೋಪುರ ಇದಕ್ಕೆ ಪ್ರಬಲ ಸಾಕ್ಷಿ. ಹೆನ್ರಿ ಕಾಬ್ ವಿನ್ಯಾಸಗೊಳಿಸಿದ ಈ 60 ಅಂತಸ್ತಿನ ಕಟ್ಟಡ ಮುಗಿಯುವ ಮುನ್ನವೇ, 1973ರ ಜನವರಿಯ ಬಿರುಗಾಳಿಯಲ್ಲಿ ಗಾಜುಗಳು ಒಡೆದು ಬಿದ್ದವು. ಕಾರ್ಖಾನೆಯಿಂದ ಬಂದ ಜೋಡಿ ಗಾಜುಗಳ ನಡುವಿನ ಲೋಹದ ಪಟ್ಟಿಯನ್ನು ಸೀಸದ ಬೆಸುಗೆಯಿಂದ ಕೂಡಿಸಲಾಗಿತ್ತು. ಆ ಬೆಸುಗೆ ತೀರ ಬಿಗಿಯಾಗಿತ್ತು. ಬಿಸಿಲು, ಗಾಳಿಗಳಿಂದ ಹುಟ್ಟಿದ ಸೂಕ್ಷ್ಮ ಚಲನೆಯನ್ನು ಅದು ತಾನು ನುಂಗದೆ ಗಾಜಿಗೇ ದಾಟಿಸಿತು. ಬೆಸುಗೆಯ ಬಿರುಕು ಗಾಜಿಗೂ ಹರಡಿತು. ಕೊನೆಗೆ ಎಲ್ಲ 10,344 ಗಾಜುಗಳನ್ನೂ ಬದಲಿಸಬೇಕಾಯಿತು.

ಗಾಜು, ಚೌಕಟ್ಟುಗಳನ್ನು ಕಾರ್ಖಾನೆಯಲ್ಲೇ ಫಲಕವಾಗಿ ಜೋಡಿಸಿ ತರುವ ಇಂದಿನ ಯುನಿಟೈಸ್ಡ್ ವ್ಯವಸ್ಥೆ ಚಲನೆಯನ್ನು ಲೆಕ್ಕಕ್ಕೆ ತಂದುಕೊಂಡೇ ರೂಪುಗೊಂಡಿದೆ. 4 ಮೀಟರ್ ಎತ್ತರದ ಫಲಕದಲ್ಲಿ ತಾಪಮಾನ 50 ಡಿಗ್ರಿ ಸೆಲ್ಸಿಯಸ್ ಏರಿದರೆ ಅಲ್ಯೂಮಿನಿಯಂ ಸುಮಾರು 4.6 ಮಿಲಿಮೀಟರ್ ಹಿಗ್ಗುತ್ತದೆ, ಗಾಜು 1.8 ಮಾತ್ರ. ಈ ಅಂತರವನ್ನು ಸಿಲಿಕೋನ್ ಮತ್ತು ರಬ್ಬರ್ ಗ್ಯಾಸ್ಕೆಟ್‌ಗಳು ತಾಳಿಕೊಳ್ಳಬೇಕು. ಸಾಮಾನ್ಯವಾಗಿ ಫಲಕವನ್ನು ಮೇಲಂಚಿನ ಬಳಿ ಸ್ಲ್ಯಾಬಿಗೆ ತೂಗುಹಾಕುತ್ತಾರೆ. ಕೆಳಂಚು ಕೆಳಗಿನ ಫಲಕದ ತಲೆಯಲ್ಲಿ ಜಾರುವಂತೆ ಕೂರುತ್ತದೆ. ಜನ, ಸಾಮಾನುಗಳ ಭಾರಕ್ಕೆ ಸ್ಲ್ಯಾಬು ಬಾಗಿದಾಗ ಈ ಅಡ್ಡ ಕೂಡಿಕೆಯೇ ಹಿಗ್ಗಿ ಕುಗ್ಗುತ್ತದೆ. ಅದರೊಳಗಿನ ಟೊಳ್ಳಿನಲ್ಲಿ ಗಾಳಿಯ ಒತ್ತಡ ಹೊರಗಿನಷ್ಟೇ ಇದ್ದರೆ ಮಳೆನೀರು ಒಳಕ್ಕೆ ನುಗ್ಗದೆ ಹೊರಕ್ಕೇ ಬಸಿಯುತ್ತದೆ.

ಅಳವಡಿಕೆಯಲ್ಲಿ ಎರಡು ಬಗೆಯ ನಿಖರತೆಗಳು ಎದುರಾಗುತ್ತವೆ: ಫಲಕದ ಅಳತೆ ಮಿಲಿಮೀಟರುಗಳಲ್ಲಿ, ಕಾಂಕ್ರೀಟಿನ ವ್ಯತ್ಯಾಸ ಸೆಂಟಿಮೀಟರುಗಳಲ್ಲಿ. ಆದ್ದರಿಂದ ಫಲಕ ಮೇಲೇರುವ ಮೊದಲೇ ಸರ್ವೆ ಮಾಡಿ, ಮೂರೂ ದಿಕ್ಕುಗಳಲ್ಲಿ ಹೊಂದಿಸಬಲ್ಲ ಬ್ರ್ಯಾಕೆಟ್‌ಗಳನ್ನು ಕೂರಿಸಬೇಕು. ಸ್ಲ್ಯಾಬಿನ ತಪ್ಪನ್ನು ಸರಿದೂಗಿಸಲು ಕೂಡಿಕೆಯ ಸಂದನ್ನು ಕಿರಿದುಗೊಳಿಸಿದರೆ ಚಲನೆಗೆಂದು ಮೀಸಲಿಟ್ಟ ಜಾಗವೇ ಕಳೆದುಹೋಗುತ್ತದೆ. ಕಟ್ಟಡ ನಿಂತಮೇಲೆ ಆ ಜಾಗವನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಹೀಗಾಗಿ ಕೂಡಿಕೆಯ ಚಲನೆಯ ಲೆಕ್ಕವನ್ನು ಗಾಜಿನ ಆಯ್ಕೆಗೂ ಮೊದಲೇ ನಿಗದಿಪಡಿಸಬೇಕು. ಪೂರ್ಣ ಅಳತೆಯ ಮಾದರಿಯ ಮೇಲೆ ನೀರಿನ ಪರೀಕ್ಷೆ ಒಮ್ಮೆ ನಡೆದರೆ ಸಾಲದು. ಮಾದರಿಯನ್ನು ಅಂತಸ್ತಿನ ಪಕ್ಕಚಲನೆಗೆ ಒಡ್ಡಿದ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಅಲುಗಿದ ಮೇಲೂ ಸೋರದ ಗೋಡೆಗೆ ಮಾತ್ರ ಒಪ್ಪಿಗೆ ಸಲ್ಲಬೇಕು.