ವಿವಾಹ ಪ್ರಹಸನ ಮತ್ತು ವಿಚ್ಛೇದನದ ಕಾನೂನು: ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರದ ಹಿಂದಿನ ಕನ್ನಡ ನಾಡು

ಮುಂಬಯಿಯ ಅಂಧೇರಿಯ ಪೂರ್ವಭಾಗದಲ್ಲಿ ಒಂದು ಕಾಲಕ್ಕೆ ಗುರುದತ್ತರ ಹೆಸರಿನ ಸ್ಟುಡಿಯೋ ಇತ್ತು. 1964ರಲ್ಲಿ ಅವರು ತೀರಿಕೊಂಡ ಬಳಿಕ ಅಂಧೇರಿಯ ಚಿತ್ರೋದ್ಯಮದ ನಕ್ಷೆಯಲ್ಲಿ ನಟರಾಜ್ ಸ್ಟುಡಿಯೋ ಎಂಬ ಹೆಸರು ನೆಲೆಗೊಂಡಿತು. ಅದರ ಪಾಲುದಾರರಲ್ಲಿ ಗುರುದತ್ತರ ತಮ್ಮ ಆತ್ಮಾರಾಮ್ ಒಬ್ಬರು. ಇಂದು ಅಲ್ಲಿ ಸ್ಟುಡಿಯೋ ಉಳಿದಿಲ್ಲ, ಕಚೇರಿಗಳ ಕಟ್ಟಡಗಳಿವೆ. ಅದೇ ಅಂಧೇರಿಯ ಪಶ್ಚಿಮ ಭಾಗದಲ್ಲಿ ಕರಾವಳಿ ಕನ್ನಡಿಗರ ಮೊಗವೀರ ಭವನವಿದೆ, ಉಡುಪಿಯ ಅದಮಾರು ಮಠದ ಶಾಖೆಯಿದೆ. ಊರಿನಿಂದ ಬರುವ ಯಕ್ಷಗಾನ ಮೇಳಗಳಿಗೆ ಮುಂಬಯಿಯಲ್ಲಿ ಪ್ರೇಕ್ಷಕರ ಕೊರತೆ ಎಂದೂ ಇಲ್ಲ. ಒಂದೇ ಉಪನಗರದ ಈ ಎರಡು ಲೋಕಗಳಿಗೆ ಸಂಬಂಧವಿದೆಯೆಂದು ನಮ್ಮ ಸಾಹಿತ್ಯ ಚರಿತ್ರೆಗಳಾಗಲಿ ಚಲನಚಿತ್ರ ಚರಿತ್ರೆಗಳಾಗಲಿ ಸಾಮಾನ್ಯವಾಗಿ ಭಾವಿಸಿಲ್ಲ. ಗುರುದತ್ತರ 1955ರ ವಿನೋದಚಿತ್ರ ‘ಮಿಸ್ಟರ್ ಅಂಡ್ ಮಿಸೆಸ್ 55’ನ್ನು ಮುಂದಿಟ್ಟುಕೊಂಡು ಆ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರದ ಕಥೆ ಹಲವರಿಗೆ ಪರಿಚಿತವೇ. ಅನಿತಾ ಎಂಬ ಶ್ರೀಮಂತ ತರುಣಿಗೆ ತಂದೆಯ ಆಸ್ತಿ ದಕ್ಕಬೇಕಾದರೆ ನಿರ್ದಿಷ್ಟ ವಯಸ್ಸು ತುಂಬಿದ ಒಂದು ತಿಂಗಳೊಳಗೆ ಆಕೆ ಮದುವೆಯಾಗಬೇಕೆಂದು ಮರಣಶಾಸನದ ನಿಬಂಧನೆ. ಆಕೆಯನ್ನು ಬೆಳೆಸಿದ ಹಿರಿಯ ಸಂಬಂಧಿ ಸೀತಾದೇವಿ ವಿಚ್ಛೇದನ ಕಾನೂನಿನ ಪರವಾಗಿ ಹೋರಾಡುವ ಮಹಿಳಾ ಮುಂದಾಳು, ಪುರುಷದ್ವೇಷಿ. ನಿಬಂಧನೆಯನ್ನು ಪೂರೈಸಲೆಂದು ಆಕೆ ಹಣ ಕೊಟ್ಟು, ಪ್ರೀತಮ್ ಎಂಬ ನಿರುದ್ಯೋಗಿ ವ್ಯಂಗ್ಯಚಿತ್ರಕಾರನೊಡನೆ ಕಾಗದದ ಮದುವೆಯೊಂದನ್ನು ಮಾಡಿಸುತ್ತಾಳೆ; ಕೆಲಕಾಲದ ಬಳಿಕ ವಿಚ್ಛೇದನ ಎಂಬುದು ಒಪ್ಪಂದ. ವರನಿಗೆ ವಧುವಿನ ಮೇಲೆ ಮೊದಲೇ ಮನಸ್ಸಾಗಿದೆ. ವಧುವಿಗೆ ವರನ ಮೇಲೆ ತಿರಸ್ಕಾರ. ಕೊನೆಗೆ ತಾನೇ ತಪ್ಪಿತಸ್ಥನೆಂದು ತೋರುವಂಥ ಸಾಕ್ಷ್ಯವನ್ನು ಕೃತಕವಾಗಿ ಒದಗಿಸಿ ಆಕೆಗೆ ಬಿಡುಗಡೆ ಕೊಡಲು ಆತ ಹೊರಡುತ್ತಾನೆ. ಅಷ್ಟರಲ್ಲಿ ಆಕೆಯ ಮನಸ್ಸು ಬದಲಾಗಿರುತ್ತದೆ. ಊರು ಬಿಟ್ಟು ಹೊರಟವನನ್ನು ಹಿಂಬಾಲಿಸಿ ಆಕೆ ವಿಮಾನ ನಿಲ್ದಾಣಕ್ಕೆ ಧಾವಿಸುವಲ್ಲಿ ಕಥೆ ಮುಗಿಯುತ್ತದೆ. ಮಧುಬಾಲಾ, ಗುರುದತ್, ಲಲಿತಾ ಪವಾರ್, ಜಾನಿ ವಾಕರ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಸಂಭಾಷಣೆ ಅಬ್ರಾರ್ ಅಲ್ವಿಯವರದು, ಸಂಗೀತ ಓ. ಪಿ. ನಯ್ಯರ್ ಅವರದು.

ಹಿಂದಿಯ ಈ ಚಿತ್ರದಲ್ಲಿ ಕನ್ನಡ ನಾಡಿನ ಪಾಲು ಎಷ್ಟು? ಗುರುದತ್ತರು ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಮನೆತನ ಕರಾವಳಿಯ ಪಡುಕೋಣೆಯದು, ಮನೆಮಾತು ಕೊಂಕಣಿ. ತಾಯಿ ವಾಸಂತಿ ಪಡುಕೋಣೆಯವರು ಮಗನನ್ನು ಕುರಿತು ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕ ಬರೆದದ್ದು ಕನ್ನಡದಲ್ಲಿ. ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಜನಿಸಿದವರು; ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು; ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 1952ರ ‘ಜಾಲ್’ನಿಂದ ಮೊದಲ್ಗೊಂಡು ಗುರುದತ್ತರ ಕಣ್ಣಾಗಿದ್ದ ಅವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಮೂರನೆಯವರು ಆರ್. ಕೆ. ಲಕ್ಷ್ಮಣ್. ತೆರೆಯ ಮೇಲೆ ಪ್ರೀತಮನ ವ್ಯಂಗ್ಯಚಿತ್ರಗಳನ್ನು ಬರೆಯುವ ಕೈ ನಟನದಲ್ಲ, ಲಕ್ಷ್ಮಣರದು. ಮೈಸೂರಿನಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದ ಲಕ್ಷ್ಮಣರು ಮುಂಬಯಿ ಸೇರುವ ಮುನ್ನ, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದವರು. ಅಂದರೆ ಕನ್ನಡದ ವಿನೋದ ಪತ್ರಿಕೆಯಲ್ಲಿ ಪಳಗಿದ ಕೈಯೇ ಹಿಂದಿ ಚಿತ್ರದ ನಾಯಕನ ಕೈಯಾಯಿತು.

ಈ ಮೂವರಲ್ಲಿ ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ತಮಿಳು; ಚಿತ್ರದ ಭಾಷೆಯಂತೂ ಹಿಂದಿ. ಆದುದರಿಂದ ಇದನ್ನು ‘ಕನ್ನಡದ ಸಾಧನೆ’ ಎಂದು ಎದೆಗವಚಿಕೊಳ್ಳುವ ಆತುರ ನಮಗಿಲ್ಲ. ಹುಟ್ಟೂರುಗಳ ಪಟ್ಟಿಯಿಂದ ಇತಿಹಾಸ ಹುಟ್ಟುವುದಿಲ್ಲ. ಕನ್ನಡ ನಾಡಿನ ವಿವಾಹ ಪದ್ಧತಿಗಳ ಮತ್ತು ವಿವಾಹ ಪ್ರಹಸನಗಳ ಚರಿತ್ರೆಯನ್ನು ಪಕ್ಕಕ್ಕಿಟ್ಟು ಓದಿದಾಗ ಈ ಚಿತ್ರ ಬೇರೆಯಾಗಿ ಕಾಣುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಕಾಣುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾನೂನಿನ ಸಂಗತಿ. ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದದ್ದು 1955ರ ಮೇ 18ರಂದು. ಅದರ ಮೂಲವಿರುವುದು 1941 ಮತ್ತು 1944ರ ಹಿಂದೂ ಕಾನೂನು ಸಮಿತಿಗಳಲ್ಲಿ. ಅವುಗಳ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು. ಮುಂದೆ ಕಾನೂನು ಮಂತ್ರಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಹಿಂದೂ ಸಂಹಿತೆಯ ಮಸೂದೆಯನ್ನು ಮುನ್ನಡೆಸಿದರು; ಅದು ನೆನೆಗುದಿಗೆ ಬಿದ್ದಾಗ 1951ರಲ್ಲಿ ರಾಜೀನಾಮೆ ಕೊಟ್ಟರು. ನರಸಿಂಗರಾಯರೂ ಗುರುದತ್ತರೂ ಚಿತ್ರಾಪುರ ಸಾರಸ್ವತರೆಂಬ ಒಂದೇ ಚಿಕ್ಕ ಸಮುದಾಯದವರು. ವಿಚ್ಛೇದನದ ಕಾನೂನಿಗೆ ಕರಡು ರೂಪ ಕೊಟ್ಟ ಸಮಿತಿಯ ಹಿರಿಯರೂ ಆ ಕಾನೂನನ್ನು ನಗೆಗೀಡುಮಾಡಿದ ಚಿತ್ರದ ನಿರ್ದೇಶಕರೂ ಕರಾವಳಿಯ ಒಂದೇ ಸಮಾಜದಿಂದ ಬಂದರೆಂಬುದು ಆಧುನಿಕತೆಯನ್ನು ಕುರಿತು ಆ ಸಮಾಜದೊಳಗೇ ಎಷ್ಟು ಭಿನ್ನ ನಿಲುವುಗಳು ಸಾಧ್ಯವಿದ್ದುವು ಎಂಬುದನ್ನು ಸೂಚಿಸುತ್ತದೆ.

ಇದಕ್ಕಿಂತ ಗಮನಾರ್ಹವಾದ ಅಂಶ ಇನ್ನೊಂದಿದೆ. ವಿಚ್ಛೇದನವು ಹೊಸದಾಗಿ ಬಂದೆರಗುತ್ತಿರುವ ಪಾಶ್ಚಾತ್ಯ ಪಿಡುಗು ಎಂಬ ಭಾವನೆಯ ಮೇಲೆ ಚಿತ್ರದ ಹಾಸ್ಯ ನಿಂತಿದೆ. ಆದರೆ ಕಥೆ ನಡೆಯುವ ಮುಂಬಯಿಯಲ್ಲಿ ಹಿಂದೂಗಳಿಗೆ ವಿಚ್ಛೇದನದ ಹಕ್ಕು 1947ರ ಪ್ರಾಂತೀಯ ಕಾಯಿದೆಯಿಂದಲೇ ದೊರೆತಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿಯ ಕನ್ನಡಿಗರಿಗೂ ಅದು ಅನ್ವಯಿಸುತ್ತಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೆ 1949ರಲ್ಲಿ ಅಂಥದೇ ಕಾಯಿದೆ ಬಂದಿತು. ಸೀತಾದೇವಿಯ ಹೋರಾಟ ಅಖಿಲ ಭಾರತ ಕಾನೂನಿಗಾಗಿ ಎಂದುಕೊಂಡರೂ, ಆಕೆಯ ಊರಿನ ಪ್ರೇಕ್ಷಕ ಆ ಬಗೆಯ ಕಾನೂನಿನ ಕೆಳಗೆ ಎಂಟು ವರ್ಷ ಬಾಳಿದ್ದನು, ಸಂಸಾರಗಳು ಕುಸಿದು ಬಿದ್ದಿರಲಿಲ್ಲ.

ಕಾಯಿದೆಗಳಿಗಿಂತ ಹಿಂದಿನ ರೂಢಿಯನ್ನು ನೋಡಿದರೆ ‘ಪಾಶ್ಚಾತ್ಯ’ ಎಂಬ ಮಾತು ಇನ್ನಷ್ಟು ಸಡಿಲವಾಗುತ್ತದೆ. ಕನ್ನಡ ನಾಡಿನ ಹಲವಾರು ಸಮುದಾಯಗಳಲ್ಲಿ ಪಂಚರ ಮುಂದೆ ಬಿಡುಗಡೆ ಪಡೆಯುವುದೂ ಉಡಿಕೆ, ಸೀರುಡಿಕೆ ಎಂದು ಕರೆಯಲಾಗುವ ಮರುಮದುವೆಯೂ ಬಹುಕಾಲದಿಂದ ರೂಢಿಯಲ್ಲಿದ್ದುವು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಂತೂ ಆಸ್ತಿ ತಾಯಿಯ ಬಳಿಯಲ್ಲಿ ಸಾಗುತ್ತಿದ್ದುದರಿಂದ ದಾಂಪತ್ಯ ಮುರಿದರೂ ಹೆಣ್ಣು ತನ್ನ ನೆಲೆಯನ್ನು ಕಳೆದುಕೊಳ್ಳುತ್ತಿರಲಿಲ್ಲ. 1955ರ ಕಾಯಿದೆಯೂ ರೂಢಿಗತ ವಿಚ್ಛೇದನದ ಹಕ್ಕನ್ನು ತೆಗೆದುಹಾಕದೆ ಕಾಯ್ದಿರಿಸಿತು. ಬಂಟ, ಮೊಗವೀರ ಮೊದಲಾದ ಅಳಿಯಸಂತಾನದ ಜನ ಮುಂಬಯಿಯ ಕರಾವಳಿ ವಲಸಿಗರಲ್ಲಿ ದೊಡ್ಡ ಸಂಖ್ಯೆಯವರೆಂಬುದನ್ನು ನೆನೆದರೆ, ಈ ನಗರದ ಒಂದು ಭಾಗಕ್ಕಾದರೂ ವಿಚ್ಛೇದನವು ಸಮುದ್ರದಾಚೆಯಿಂದ ಬಂದ ಸರಕಾಗಿರಲಿಲ್ಲ, ಅಜ್ಜಿಯ ಕಾಲದ ಸಂಗತಿಯಾಗಿತ್ತು. ಚಿತ್ರವು ‘ಭಾರತೀಯ’ ಎಂದು ಎತ್ತಿಹಿಡಿಯುವ ಅಬೇಧ್ಯ ವಿವಾಹವು ವಾಸ್ತವದಲ್ಲಿ ಕೆಲವು ಮೇಲುಜಾತಿಗಳ ಆದರ್ಶ.

ಇನ್ನು ಪ್ರಹಸನದ ಪರಂಪರೆ. ಮಧ್ಯಕಾಲೀನ ಕಾವ್ಯವನ್ನು ಓದಿ ಬೆಳೆದ ನಮಗೆ ವಿವಾಹದ ಅದಲುಬದಲು ಹೊಸದಲ್ಲ. ಕುಮಾರವ್ಯಾಸನ ಭಾರತದಲ್ಲಿ ಬೃಹನ್ನಳೆಯ ವೇಷ ಕಳಚಿದ ಅರ್ಜುನನಿಗೆ ವಿರಾಟನು ಮಗಳನ್ನು ಕೊಡಲು ಮುಂದಾದರೆ, ಆಕೆ ಸೊಸೆಯಾಗಿ ಅಭಿಮನ್ಯುವಿನ ಕೈಹಿಡಿಯುತ್ತಾಳೆ. ಕಪಟ ಸಂನ್ಯಾಸಿಯಾಗಿ ಅರ್ಜುನನು ಸುಭದ್ರೆಯನ್ನು ಪಡೆಯುವ ಕಥೆ ಕಾವ್ಯಕ್ಕೂ ಬಯಲಾಟಕ್ಕೂ ಪ್ರಿಯವಾದುದು. ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ದಲ್ಲಿ ಬಲರಾಮನು ಮಗಳನ್ನು ಕೌರವನ ಮಗ ಲಕ್ಷಣನಿಗೆ ಕೊಡಲು ಮಾತು ಕೊಟ್ಟರೆ, ಘಟೋತ್ಕಚನ ಮಾಯೆಯಿಂದ ವಧು ಬದಲಾಗಿ ಆಕೆ ಅಭಿಮನ್ಯುವಿನ ಪಾಲಾಗುತ್ತಾಳೆ, ಇದೇ ವಸ್ತು 1957ರ ‘ಮಾಯಾಬಜಾರ್’ ಚಿತ್ರದ್ದೂ ಹೌದು. ಆಧುನಿಕ ಕಾಲಕ್ಕೆ ಬಂದರೆ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ (1887) ಇದೆ. ಹವ್ಯಕ ಕನ್ನಡದಲ್ಲಿ ಬರೆದ ಆ ನಾಟಕ ಹಣಕ್ಕಾಗಿ ಮುದುಕರಿಗೆ ಎಳೆಯ ಹೆಣ್ಣುಗಳನ್ನು ಮಾರುವ ಕನ್ಯಾವಿಕ್ರಯದ ಪದ್ಧತಿಯನ್ನು ಲೇವಡಿ ಮಾಡುತ್ತದೆ.

ಈ ಸಾಲಿನಲ್ಲಿ ಒಂದು ಸಾಮಾನ್ಯ ನಿಯಮ ಕಾಣುತ್ತದೆ. ಹೆಣ್ಣಿನ ಮನಸ್ಸನ್ನು ಕೇಳದೆ ಮದುವೆಯನ್ನು ನಿಶ್ಚಯಿಸುವ ಹಿರಿಯನು ನಗೆಗೀಡಾಗುತ್ತಾನೆ. ಬಲರಾಮನಾದರೂ ಸರಿಯೆ, ಹಣದಾಸೆಯ ಅಪ್ಪನಾದರೂ ಸರಿಯೆ. ವೇಷ, ಮಾಯೆ, ಮೋಸಗಳೆಲ್ಲ ಹೆಣ್ಣು ಒಪ್ಪದ ಮದುವೆಯಿಂದ ಪಾರಾಗಲು ಒದಗುವ ಉಪಾಯಗಳು. ಗುರುದತ್ತರ ಚಿತ್ರ ಈ ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡು ನಗೆಯ ಗುರಿಯನ್ನು ಮಾತ್ರ ತಿರುಗಿಸುತ್ತದೆ. ಇಲ್ಲಿಯೂ ಮದುವೆಯನ್ನು ಹೇರುವವರು ಹಿರಿಯರೇ, ಆದರೆ ಆ ಹಿರಿಯರು ಮಹಿಳಾ ಹಕ್ಕುಗಳನ್ನು ಕೇಳುವ ಹೆಂಗಸು. ನಿಜವಾಗಿ ಮೊದಲ ಒತ್ತಾಯ ಮಾಡಿದವನು ಮರಣಶಾಸನ ಬರೆದ ತಂದೆ; ಮದುವೆಯಾದರಷ್ಟೇ ಮಗಳಿಗೆ ಆಸ್ತಿ ಎಂದವನು ಆತ. ಅವನನ್ನು ನೋಡಿ ಚಿತ್ರದಲ್ಲಿ ಯಾರೂ ನಗುವುದಿಲ್ಲ. ಬಲರಾಮನ ಸ್ಥಾನದಲ್ಲಿರಬೇಕಾದ ತಂದೆ ಸತ್ತು ಪೂಜ್ಯನಾಗಿದ್ದಾನೆ, ಅವನ ಪಾಲಿನ ನಗೆಯನ್ನು ಸೀತಾದೇವಿ ಹೊತ್ತಿದ್ದಾಳೆ.

ಈ ಪಲ್ಲಟದ ಬೆಲೆ ಹಳ್ಳಿಯ ಮನೆಯ ದೃಶ್ಯದಲ್ಲಿ ತಿಳಿಯುತ್ತದೆ. ಕುಂಕುಂ ನಟಿಸಿದ ಅತ್ತಿಗೆಯ ಪಾತ್ರ ಮನೆಗೆಲಸದಲ್ಲಿಯೇ ತೃಪ್ತಿ ಕಂಡಿದೆ. ಗಂಡ ಕೈಯೆತ್ತಿದರೂ ಪ್ರೀತಿಸುವವನೂ ಅವನೇ ಎಂಬರ್ಥದ ಸಮಾಧಾನ ಆಕೆಯದು. ಅನಿತಾಳ ಮನಃಪರಿವರ್ತನೆ ಅಲ್ಲಿಂದ ಆರಂಭ. ದೃಶ್ಯ ಆರ್ದ್ರವಾಗಿದೆ, ನಟನೆ ಸಹಜವಾಗಿದೆ. ಆ ಕಾರಣದಿಂದಲೇ ಅದರ ವಾದ ಅಪಾಯಕಾರಿ. ಅದೇ ಕರಾವಳಿಯ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಇಲ್ಲಿ ನೆನೆಯಬೇಕು. ಬಾಲವಿಧವೆಯಾಗಿದ್ದು ಮರುಮದುವೆಯಾದ, ಆ ದಾಂಪತ್ಯ ಕೂಡಿಬರದಾಗ ವಿಚ್ಛೇದನ ಪಡೆದ ಅವರು 1927ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಮೊದಲ ತಲೆಮಾರಿನ ಸಂಘಟಕರು. ಅಂಥವರ ಎದುರು ಸೀತಾದೇವಿಯ ಪಾತ್ರವಿಟ್ಟರೆ ವ್ಯಂಗ್ಯಚಿತ್ರಕ್ಕೂ ವ್ಯಕ್ತಿಗೂ ಇರುವ ಅಂತರ ತಾನೇ ಕಾಣುತ್ತದೆ.

ಇಷ್ಟಾದರೂ ಚಿತ್ರವನ್ನು ಪ್ರತಿಗಾಮಿ ಎಂದು ಬದಿಗೊತ್ತುವುದು ನ್ಯಾಯವಲ್ಲ. ಅದರ ಕಥಾಸಂವಿಧಾನದಲ್ಲಿಯೇ, ಬಹುಶಃ ಅರಿಯದೆ, ಕಾನೂನಿನ ಒಂದು ಲೋಪದ ಮೇಲೆ ಬೆರಳಿಟ್ಟ ಸ್ಥಳವಿದೆ. ಮೂಲ ಹಿಂದೂ ವಿವಾಹ ಕಾಯಿದೆಯಲ್ಲಿ ವಿಚ್ಛೇದನಕ್ಕೆ ಒಬ್ಬರ ದೋಷ ಅಥವಾ ನ್ಯೂನತೆ ರುಜುವಾತಾಗಬೇಕಿತ್ತು. ವಿಶೇಷ ಅನುಮತಿಯ ಹೊರತು ಮದುವೆಯಾದ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸುವಂತಿರಲಿಲ್ಲ. ಇಬ್ಬರೂ ಕೂಡಿ ಹೂಡಿದ ಆಟವೆಂದು ಕಂಡರೆ ನ್ಯಾಯಾಲಯ ಬಿಡುಗಡೆ ಕೊಡುವಂತಿರಲಿಲ್ಲ. ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಅವಕಾಶವಿದ್ದರೂ ಹಿಂದೂ ವಿವಾಹ ಕಾಯಿದೆಗೆ ಅದು ಸೇರಿದ್ದು 1976ರ ತಿದ್ದುಪಡಿಯಲ್ಲಿ. ಮೂರು ವರ್ಷದ ತಡೆ ಒಂದು ವರ್ಷಕ್ಕೆ ಇಳಿದದ್ದೂ ಆಗಲೇ. ದೋಷವಿಲ್ಲದಲ್ಲಿ ದೋಷವನ್ನು ಸೃಷ್ಟಿಸಿಕೊಳ್ಳಬೇಕಾದ ದಂಪತಿಗಳ ಸಂಕಟವನ್ನು ಪ್ರೀತಮನ ಕೃತಕ ಸಾಕ್ಷ್ಯ ಹಾಸ್ಯವಾಗಿ ತೋರಿಸುತ್ತದೆ. ಕಾನೂನು ಆ ಸಂಕಟವನ್ನು ಗಂಭೀರವಾಗಿ ಎತ್ತಿಕೊಳ್ಳಲು ಇನ್ನೂ ಇಪ್ಪತ್ತೊಂದು ವರ್ಷ ಹಿಡಿಯಿತು. ಆಸ್ತಿಯ ಮಾತಿಗೂ ಇಂಥದೇ ಕ್ರಮವಿದೆ: ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತ್ತು, ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿ ಬಂದಿತು, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಜನ್ಮಸಿದ್ಧ ಹಕ್ಕು ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ.

ಹೊರನಾಡಿನಲ್ಲಿ ಕನ್ನಡ ಸಂಶೋಧನೆ ಮಾಡುವ ಮಿತ್ರರ ಮುಂದೆ ಒಂದು ಸೂಚನೆಯನ್ನಿಟ್ಟು ಈ ಲೇಖನವನ್ನು ಮುಗಿಸಬಹುದು. ಕನ್ನಡದಲ್ಲಿ ಬರೆದುದಷ್ಟೇ ನಮ್ಮ ಆಕರವೆಂದು ಗೆರೆ ಎಳೆದುಕೊಂಡರೆ ಲಕ್ಷ್ಮಣರ ‘ಕೊರವಂಜಿ’ಯ ಚಿತ್ರಗಳು ಒಳಗೆ, ಅದೇ ಕೈ ತೆರೆಯ ಮೇಲೆ ಬರೆದದ್ದು ಹೊರಗೆ ಎಂದಾಗುತ್ತದೆ. ಗೆರೆಯನ್ನು ಅಳಿಸಿದರೆ ಎಲ್ಲವೂ ನಮ್ಮದೇ ಎಂಬ ಅಭಿಮಾನದ ಅಪಾಯ. ಇವೆರಡರ ನಡುವೆ ಒಂದು ದಾರಿಯಿದೆ: ಕನ್ನಡ ನಾಡಿನ ರೂಢಿಗಳ ತಿಳಿವಳಿಕೆಯಿಂದ ಅನ್ಯಭಾಷೆಯ ಕೃತಿಗೆ ಹೊಸ ಪ್ರಶ್ನೆ ಕೇಳುವುದು. ಅಳಿಯಸಂತಾನವನ್ನೂ ಸೀರುಡಿಕೆಯನ್ನೂ ಕನಕಾಂಗಿಯ ಕಥೆಯನ್ನೂ ಬಲ್ಲವರು ಕೇಳದ ಹೊರತು, ವಿಚ್ಛೇದನ ಪರದೇಶದ ಸರಕೆಂಬ 1955ರ ನಗೆಗೆ ಉತ್ತರ ಕೊಡುವವರು ಯಾರೂ ಇಲ್ಲ. ಅಂಧೇರಿಯ ಸ್ಟುಡಿಯೋ ಕಣ್ಮರೆಯಾಗಿದೆ. ಆದರೆ ಆ ಉತ್ತರಕ್ಕೆ ಬೇಕಾದ ನೆನಪುಗಳು ಅಂಧೇರಿಯ ಕರಾವಳಿ ಮನೆಗಳ ಹಿರಿಯ ಹೆಂಗಸರಲ್ಲಿ ಇನ್ನೂ ಉಳಿದಿರಬಹುದು; ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸ ತಡವಾಗಬಾರದು.