ಕೊನೆಯ ಪುಟದ ಕೊನೆಯ ಸಾಲು



ನನ್ನ ತರಗತಿಯಲ್ಲಿ ಕುಳಿತವರಿಗೆ ಒಂದು ಮಾತು ನೆನಪಿರಬಹುದು. ಪತ್ರಿಕೆ ಕೈಗೆ ಬಂದರೆ ಮೊದಲು ಕೊನೆಯ ಪುಟದ ಬುಡದಲ್ಲಿರುವ ಸಣ್ಣಕ್ಷರದ ಸಾಲನ್ನು ಓದಿ ಎನ್ನುತ್ತಿದ್ದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು ಎಂಬುದನ್ನು ಪ್ರತಿ ಸಂಚಿಕೆಯಲ್ಲಿಯೂ ಅಚ್ಚು ಹಾಕಬೇಕೆಂದು 1867ರ ಕಾಯ್ದೆ ವಿಧಿಸಿತ್ತು. ಆ ಸಾಲಿನ ಮಹತ್ವ ನನಗೇ ಸರಿಯಾಗಿ ಅರ್ಥವಾದದ್ದು 2005ರಲ್ಲಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಂಗೊಳ್ಳಿಗೆ ವಾರಪತ್ರಿಕೆಗಳು ಕುಂದಾಪುರದಿಂದ ತ್ರಾಸಿಯ ಮೇಲೆ ಸುತ್ತಿ ಬಸ್ಸಿನಲ್ಲಿ ಬರುತ್ತಿದ್ದವು. ಹೊಳೆಯಾಚೆ ಕಾಣುವ ಊರಿನಿಂದ ಬರುವುದಕ್ಕೆ ಅಷ್ಟು ದೂರ! ಆ ಕಟ್ಟಿನಲ್ಲಿ ‘ಲಂಕೇಶ್ ಪತ್ರಿಕೆ’ಯೂ ಇರುತ್ತಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಅದನ್ನು ಬಿಚ್ಚಿದರೆ ಹಿರಿಯರೊಬ್ಬರು ಮುಖ ಸಿಂಡರಿಸುತ್ತಿದ್ದರು. ಮಧ್ಯಾಹ್ನ ಅವರೇ ಎರವಲು ಪಡೆಯುತ್ತಿದ್ದರು.

ಪಿ. ಲಂಕೇಶ್ ಬೆಂಗಳೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ವೃತ್ತಿಯನ್ನು ಬಿಟ್ಟು 1980ರ ಜುಲೈಯಲ್ಲಿ ಅದನ್ನು ಆರಂಭಿಸಿದರು. ಜಾಹೀರಾತು ಇಲ್ಲ, ಓದುಗ ಕೊಡುವ ಕಾಸೇ ಬಂಡವಾಳ. ಗುಂಡೂರಾಯರ ಸರಕಾರದ ಮೇಲೆ ಹರಿತವಾದ ಲೇಖನಗಳಿದ್ದ ಹಾಳೆಗಳಲ್ಲೇ ‘ನೀಲು’ವಿನ ಪುಟ್ಟ ಪದ್ಯಗಳಿರುತ್ತಿದ್ದವು. ನಮ್ಮ ಕರಾವಳಿಯ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿಯೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಕೂಡ ಅದರ ವರದಿಗಾರ್ತಿಯಾಗಿದ್ದವರು. ಮಾಲೀಕನೂ ಸಂಪಾದಕನೂ ಒಬ್ಬನೇ ಆಗಿದ್ದುದರಿಂದ ಆ ಮನುಷ್ಯನ ರುಚಿ, ಸಿಟ್ಟು, ಕೆಲವೊಮ್ಮೆ ಅನ್ಯಾಯದ ಮುನಿಸು ಕೂಡ ನೇರವಾಗಿ ಅಚ್ಚಿಗೆ ಇಳಿಯುತ್ತಿತ್ತು.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ಪತ್ರಿಕೆಯನ್ನು ನಿಲ್ಲಿಸುವ ಆಲೋಚನೆಯೂ ಮಕ್ಕಳಲ್ಲಿತ್ತು. ಕೊನೆಗೆ ಮಗಳು ಗೌರಿ ಸಂಪಾದಕಿಯಾದರು, ಮಗ ಇಂದ್ರಜಿತ್ ಮಾಲೀಕ ಹಾಗೂ ಪ್ರಕಾಶಕರಾದರು. ಒಬ್ಬರಲ್ಲಿದ್ದ ಎರಡು ಅಧಿಕಾರಗಳು ಇಬ್ಬರ ಕೈಗೆ ಹೋದವು. ಇಷ್ಟನ್ನು ಗಮನಿಸಿದರೆ ಮುಂದಿನದು ಆಶ್ಚರ್ಯವೆನಿಸದು.

ಗೌರಿಯವರು ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಬರೆದವರು. ಮೊದಮೊದಲು ಅವರ ಕನ್ನಡ ನನಗೆ ಒಣಗಿದಂತೆ ಕಂಡಿತ್ತು. ಸಾಹಿತ್ಯದ ಪುಟಗಳು ಸೊರಗಿದವು, ಚಳವಳಿಯ ಪುಟಗಳು ತುಂಬಿದವು ಎಂಬುದು ನನ್ನ ಅಂದಿನ ದೂರು. ಆದರೆ ಬಾಬಾಬುಡನ್‌ಗಿರಿಯ ವಿಷಯದಲ್ಲಿ ಅವರು ಬರೆದದ್ದಷ್ಟೇ ಅಲ್ಲ, ಬೀದಿಗೂ ಇಳಿದರು. 2004ರಲ್ಲಿ ಕಾಡಿನೊಳಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಅವರನ್ನು ಕಂಡು ಬಂದರು. ನಮ್ಮದೇ ಜಿಲ್ಲೆಯ ಈದುವಿನಲ್ಲಿ 2003ರಲ್ಲಿ ಇಬ್ಬರು ಯುವತಿಯರು ಗುಂಡಿಗೆ ಬಲಿಯಾಗಿದ್ದರಿಂದ ಈ ಸುದ್ದಿ ನಮಗೆ ದೂರದ್ದಾಗಿರಲಿಲ್ಲ.

2005ರ ಫೆಬ್ರವರಿಯಲ್ಲಿ ಪೊಲೀಸರ ಮೇಲೆ ನಕ್ಸಲೀಯರು ನಡೆಸಿದ ದಾಳಿಯ ಬಗ್ಗೆ ಸಂಪಾದಕಿ ಒಪ್ಪಿದ್ದ ವರದಿಯೊಂದನ್ನು, ಅದು ನಕ್ಸಲರ ಪರವಾಗಿದೆ ಎಂಬ ಕಾರಣ ನೀಡಿ, ಪ್ರಕಾಶಕರು ತಡೆದರು. ಅಕ್ಕ-ತಮ್ಮಂದಿರ ಜಗಳ ಪೊಲೀಸ್ ಠಾಣೆಯವರೆಗೂ ಹೋಯಿತು. ಹೆಸರಿನ ಹಕ್ಕು ತಮ್ಮನಲ್ಲಿ ಉಳಿಯಿತು. ಅಕ್ಕ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದರು. ಜಾಹೀರಾತು ಬೇಡವೆಂಬ ತಂದೆಯ ನಿಯಮವನ್ನು ಅವರು ಅಲ್ಲಿಯೂ ಮುಂದುವರಿಸಿದರು.

ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲಿ ತೂಗುತ್ತಿದ್ದವು. ‘ಮಾಷ್ಟ್ರೇ, ಯಾವ್ದ್ ಕೊಡೂದ್?’ ಎಂದು ಅಂಗಡಿಯವ ಕೇಳಿದಾಗ ಉತ್ತರ ತೋಚಲಿಲ್ಲ. ಕೆಲವು ವಾರ ಎರಡನ್ನೂ ಕೊಂಡೆ. ಹಳೆಯ ಹೆಸರಿನಲ್ಲಿ ನಾನು ಹುಡುಕುತ್ತಿದ್ದುದು ಲಂಕೇಶರನ್ನು. ಅವರು ಎರಡರಲ್ಲಿಯೂ ಇರಲಿಲ್ಲ. ಆಮೇಲೆ ಎರಡನ್ನೂ ಬಿಟ್ಟುಬಿಟ್ಟೆ.

ಅದಕ್ಕಾಗಿ ಇಂದು ನನಗೆ ನಾಚಿಕೆಯಿದೆ. 2017ರ ಸೆಪ್ಟೆಂಬರ್ 5ರ ರಾತ್ರಿ, ಶಿಕ್ಷಕರ ದಿನದ ಸಮಾರಂಭ ಮುಗಿಸಿ ಮನೆಗೆ ಬಂದು ದೂರದರ್ಶನ ಹಾಕಿದರೆ, ಗೌರಿಯವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದ ಸುದ್ದಿ. ಅವರ ಪತ್ರಿಕೆಯನ್ನು ನಾನು ಕೈಯಲ್ಲಿ ಹಿಡಿಯದೆ ಹನ್ನೆರಡು ವರ್ಷಗಳಾಗಿದ್ದವು.

ಮರುದಿನ ಅಟ್ಟದಿಂದ ಹಳೆಯ ಕಟ್ಟನ್ನು ಇಳಿಸಿದೆ. ಕಡಲ ಗಾಳಿಗೆ ಪಿನ್ನುಗಳು ತುಕ್ಕು ಹಿಡಿದು ಹಾಳೆಗಳಿಗೆ ಕಂದು ಕಲೆ ಇಳಿದಿತ್ತು. 2005ರ ಆ ಎರಡು ಸಂಚಿಕೆಗಳನ್ನು ಹುಡುಕಿ, ಹಿಂದುಮುಂದಾಗಿಸಿ, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಕೊನೆಯ ಸಾಲಿನಿಂದ ಓದತೊಡಗಿದೆ.